ಮರದಲ್ಲಿ ಕಾಣುವ ಬೂದು ಗಂಟು

ಚಿಕ್ಕಮ್ಮಾ, ಇದನ್ನೆಲ್ಲ ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಬಾಯಲ್ಲೇ ಹೇಳ್ತೀನಿ ಕೇಳಿ. "ಕೋಲಾನ ಎತ್ತಿಕೊಂಡ ಫೋಟೋ ಎಲ್ಲೋ, ಬರೀ ಮರದ ಫೋಟೋ ಹಾಕಿದ್ದೀಯ" ಅಂತ ಕೇಳಿದ್ರಲ್ಲ, ಆಸ್ಟ್ರೇಲಿಯಾದ ಈ ನ್ಯೂ ಸೌತ್ ವೇಲ್ಸ್‌ನಲ್ಲಿ ಮರದ ಮೇಲೇ ಇರುವ, ಕರಡಿಮರಿ ಥರ ಕಾಣುವ ಆ ಪ್ರಾಣಿಯನ್ನು ಎತ್ತಿಕೊಳ್ಳುವ ಹಾಗೇ ಇಲ್ಲ. ಕಾನೂನು.

ನಾವು ಸಿಡ್ನಿ ಬಿಟ್ಟು ಪೆಸಿಫಿಕ್ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದೆವು. ಸಮುದ್ರ ಚೆನ್ನಾಗಿತ್ತು, ಅದನ್ನು ಆಮೇಲೆ ಹೇಳ್ತೀನಿ. ಪೋರ್ಟ್ ಮಕ್ವಾರಿ ಅನ್ನುವ ಊರಲ್ಲಿ ಕೋಲಾಗಳಿಗೇ ಅಂತ ಒಂದು ಆಸ್ಪತ್ರೆ ಇದೆ, 1973ರಿಂದ ನಡೀತಿದೆ. ಅಲ್ಲಿ ರೋಗಿಗೆ ಹೆಸರಿಡೋದು ಹೇಗೆ ಗೊತ್ತಾ? ಅದು ಸಿಕ್ಕಿದ ಜಾಗದ ಹೆಸರು ಮುಂದೆ, ಕಂಡವರ ಹೆಸರು ಹಿಂದೆ. ನಮ್ಮವರು ಊರಿನ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳಲ್ವಾ, ಥೇಟ್ ಹಾಗೆ!

ಒಂದರ ಕಣ್ಣು ಕೆಂಪಗೆ ಊದಿ, ರೆಪ್ಪೆ ಅಂಟಿಕೊಂಡಿತ್ತು. ಕ್ಲಮೈಡಿಯಾ ಅಂತ ಸೋಂಕು. ಕಣ್ಣು ಹೋಗುತ್ತೆ, ಹೆಣ್ಣಿಗೆ ಮರಿಯೇ ಆಗದ ಹಾಗೆ ಮಾಡುತ್ತೆ. ಪಾಪ, ಅದು ಎಲೆಯನ್ನು ಮೂಸಿ ಮೂಸಿ ಹುಡುಕ್ತಿತ್ತು. 2025ರಲ್ಲಿ ಇದಕ್ಕೆ ಲಸಿಕೆಗೆ ಒಪ್ಪಿಗೆ ಸಿಕ್ಕಿದೆಯಂತೆ.

ನಾನು ಕಾಡ್ಗಿಚ್ಚೇ ದೊಡ್ಡ ಶತ್ರು ಅಂದುಕೊಂಡಿದ್ದೆ. 2019-20ರ ಬೆಂಕಿ ನಿಮಗೂ ನೆನಪಿರಬೇಕು, ಟಿವಿಯಲ್ಲಿ ನೋಡಿ ಗಾಬರಿಯಿಂದ ಫೋನ್ ಮಾಡಿದ್ದಿರಿ. ಆದರೆ ದಿನಾ ಕಾಡೋದು ಬೇರೆ. ಮನೆ ಕಟ್ಟೋಕೆ, ಜಮೀನಿಗೆ ಅಂತ ಮರ ಕಡಿದು, ಕಾಡು ಅಲ್ಲೊಂದು ಇಲ್ಲೊಂದು ತುಂಡಾಗಿದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗಬೇಕು ಅಂದ್ರೆ ಕೋಲಾ ಕೆಳಗೆ ಇಳಿಯಲೇಬೇಕು. ಇಳಿದರೆ ರಸ್ತೆ, ಕಾರು. ದಾಟಿದರೆ ಯಾರದೋ ಹಿತ್ತಲು, ನಾಯಿ. ಹೆದ್ದಾರಿ ಪಕ್ಕ ಉದ್ದಕ್ಕೂ ಬೇಲಿ ಹಾಕಿ, ಕೆಳಗಿಂದ ದಾಟೋಕೆ ಸುರಂಗ ಮಾಡಿರುವ ಕಡೆ ಪರವಾಗಿಲ್ಲ. ಒಳಗಿನ ಊರ ರಸ್ತೆಗಳಲ್ಲಿ ಬರೀ ಹಳದಿ ಬೋರ್ಡು. ಕತ್ತಲಾದ ಮೇಲೆ ನಾನಂತೂ ನಲವತ್ತರ ಮೇಲೆ ಓಡಿಸಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ, ಹೊಡ್ಕೊಳ್ಳಲಿ ಬಿಡಿ. 2022ರಲ್ಲಿ ಸರ್ಕಾರ ಇಲ್ಲಿನ ಕೋಲಾಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸಿದ್ರೆ ಮರ ಬರುತ್ತಾ?

ಇನ್ನೊಂದು ತಮಾಷೆ. ಅದು ತಿನ್ನೋದು ನಮ್ಮ ನೀಲಗಿರಿ ಜಾತಿಯ ಎಲೆ. ಕೋಲಾರದ ಕಡೆ ನೀರು ಕುಡಿಯುತ್ತೆ ಅಂತ ಬೈದು ಕೀಳಿಸುವ ಮರ, ಇಲ್ಲಿ ಇದಕ್ಕೆ ಅನ್ನ, ಮನೆ ಎರಡೂ.

ಹಾಂ, ಆ ಮರದ ಫೋಟೋ ಡಿಲೀಟ್ ಮಾಡಬೇಡಿ. ಸ್ವಲ್ಪ ದೊಡ್ಡದು ಮಾಡಿ ನೋಡಿ. ಎಡಗಡೆ ಕವಲಲ್ಲಿ ಬೂದು ಬಣ್ಣದ ಗಂಟು ಇದೆಯಲ್ಲ? ಅದೇ ಅದರ ಬೆನ್ನು.