ಸಹಾಯ ಬೇಕು: ಜಾಂಬೋಟಿ ಕಾಡಲ್ಲಿ ಕಸ ಸುರಿಯುತ್ತಿದ್ದಾರೆ
ನಮಸ್ಕಾರ್ರೀ. ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕಿನ ಜಾಂಬೋಟಿಯಿಂದ ಕಣಕುಂಬಿಗೆ ಹೋಗುವ ರಸ್ತೆ ಪಕ್ಕದ ಕಾಡಲ್ಲಿ ಯಾರೋ ರಾತ್ರಿ ಕಸ ತಂದು ಸುರಿಯುತ್ತಿದ್ದಾರೆ. ನಿನ್ನೆ ಬೈಕ್ ನಿಲ್ಲಿಸಿ ನೋಡಿದೆ. ಒಡೆದ ಟೈಲ್ಸ್, ಥರ್ಮಾಕೋಲ್ ತಟ್ಟೆ, ಕೋಳಿ ಪುಕ್ಕ ತುಂಬಿದ ಚೀಲ. ಒಂದು ಆಕಳು ಸಾರು ಮೆತ್ತಿದ ಪ್ಲಾಸ್ಟಿಕ್ ಜಗಿಯುತ್ತಾ ನಿಂತಿತ್ತು. ಬಿಡಿಸಲು ಹೋದರೆ ನನಗೇ ಹಾಯಲು ಬಂತು! ಜೋರು ಮಳೆ ಬಂದರೆ ಇದೆಲ್ಲ ಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ. ಹೊಳೆ ಹುಟ್ಟುವುದೇ ಕಣಕುಂಬಿಯಲ್ಲಿ, ಅಲ್ವಾ?

ಲೊಕೇಶನ್ ಸಮೇತ ಫೋಟೋ ತೆಗೆದಿದ್ದೇನೆ. ಗಾಡಿ ನಂಬರ್ ಸಿಕ್ಕಿಲ್ಲ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದರೆ ಸಾಕಾ, ರೇಂಜ್ ಆಫೀಸಿಗೂ ಬರೆದುಕೊಡಬೇಕಾ? ಜಾಗ ಅರಣ್ಯದ್ದೋ ಪಂಚಾಯಿತಿಯದೋ ತಿಳಿಯುವುದು ಹೇಗೆ? ನನ್ನ ಹೆಸರು ಗುಟ್ಟಾಗಿ ಇಡುತ್ತಾರಾ? ದಿನಾ ಅದೇ ದಾರಿಯಲ್ಲಿ ಓಡಾಡುವವನು ನಾನು. ಹಿಂದೆ ದೂರು ಕೊಟ್ಟವರು ಯಾರಾದರೂ ಇದ್ದರೆ ಹೇಳ್ರಿ.