ವಿಯೆಟ್ನಾಂ: ಬೆನ್ನಿಗೆ ಬ್ಯಾಗ್ ಹಾಕಿ ಇಬ್ಬರೇ ಹೊರಟರೆ ಎಡವಟ್ಟಾಗೋದು ಎಲ್ಲೆಲ್ಲಿ?

ಕೆರೆದಂಡೆ:
ನಾನು, ನನ್ನ ಗೆಳೆಯ ಹನೋಯ್‌ನಲ್ಲಿ ಇಳಿದು ಬಸ್ಸು, ರೈಲಿನಲ್ಲೇ ಹೋ ಚಿ ಮಿನ್ ಸಿಟಿ ತನಕ ಹೋಗೋ ಯೋಚನೆ. ನಡುವೆ ಹಾ ಜಾಂಗ್, ಹ್ವೇ, ಹೊಯ್ ಆನ್. ನೋಡೋ ಜಾಗಗಳ ಪಟ್ಟಿ ಬೇಡ, ಅದು ಎಲ್ಲಿ ಬೇಕಾದ್ರೂ ಸಿಗುತ್ತೆ. ಪಾಸ್‌ಪೋರ್ಟ್, ದುಡ್ಡು, ಬಸ್ಸು, ಹೊಟ್ಟೆ ಇಂಥ ವಿಷಯದಲ್ಲಿ ಜನ ಎಲ್ಲಿ ಸಿಕ್ಕಿಹಾಕಿಕೊಳ್ತಾರೆ ಅಂತ ತಿಳಿದವರು ಹೇಳಿ. ಗೆಳೆಯನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದೆ. ನಾನು ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ. ಇಬ್ಬರ ಹತ್ರವೂ ಆರ್‌ಟಿಒದಿಂದ ಮಾಡಿಸಿದ ಐಡಿಪಿ (ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್) ಇರೋದ್ರಿಂದ ಬೈಕ್ ಬಾಡಿಗೆಗೆ ತಗೊಳ್ಳೋಣ ಅಂತಿದ್ದೀವಿ.

ಸರದಿಸಾಲು:
ಸರ್‌ನೇಮ್ ವಿಷಯ ಮೊದಲು ಮುಗಿಸೋಣ, ನಮ್ಮ ಕಡೆಯವರು ಹೆಚ್ಚು ಎಡವೋದು ಇಲ್ಲೇ. ಪಾಸ್‌ಪೋರ್ಟಿನ ಫೋಟೊ ಪುಟದ ತಳದಲ್ಲಿ ಬಾಣದ ಗುರುತುಗಳಿರೋ ಎರಡು ಸಾಲು ಇರುತ್ತಲ್ಲ, ಯಂತ್ರ ಓದೋದು ಅದನ್ನೇ. ಇ-ವೀಸಾದಲ್ಲಿ ಹೆಸರು ಅದರಂತೆಯೇ ಇರಬೇಕು. ಖಾಲಿ ಇದೆ ಅಂತ ಅಪ್ಪನ ಹೆಸರು ತುಂಬೋದು, ಇನಿಶಿಯಲ್ ಬಿಡಿಸಿ ಬರೆಯೋದು, ಒಂದೇ ಹೆಸರನ್ನು ಎರಡಾಗಿ ಮುರಿಯೋದು ಮಾಡಬೇಡಿ. ದುಡ್ಡು ಕಟ್ಟೋ ಮುಂಚೆ ಒಬ್ಬರು ಪಾಸ್‌ಪೋರ್ಟ್ ಓದಿ, ಇನ್ನೊಬ್ಬರು ಪರದೆ ಮೇಲೆ ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪಾದ್ರೆ ಶುಲ್ಕ ವಾಪಸ್ ಬರಲ್ಲ. ಏರ್‌ಪೋರ್ಟ್ ಕೌಂಟರ್‌ನಲ್ಲಿ ಗೊತ್ತಾದ್ರಂತೂ ವಿಮಾನವೇ ತಪ್ಪುತ್ತೆ.

2023ರ ಆಗಸ್ಟ್ 15ರಿಂದ ಇ-ವೀಸಾ 90 ದಿನದ ತನಕ ಸಿಗುತ್ತೆ: ಒಂದೇ ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಮಧ್ಯೆ ಕಾಂಬೋಡಿಯಾಗೆ ಎರಡು ದಿನ ಹೋಗಿ ಬರೋಣ ಅನ್ನೋ ಆಸೆ ಇದ್ರೆ 50ರದ್ದೇ ಮಾಡಿಸಿ, ಇಲ್ಲದಿದ್ರೆ ವಾಪಸ್ ಒಳಗೆ ಬರೋಕೆ ಹೊಸ ವೀಸಾ ಬೇಕು. ವಿಮಾನ ರಾತ್ರಿ 11.40ಕ್ಕೆ ಇಳಿಯುತ್ತೆ ಅಂದ್ರೆ ವೀಸಾ ಆ ದಿನದಿಂದಲೇ ಶುರುವಾಗಬೇಕು, ಮರುದಿನದಿಂದ ಅಲ್ಲ.

ಇನ್ನು ಪಾಸ್‌ಪೋರ್ಟ್. ಅಲ್ಲಿ ಹೋಟೆಲಿನವರು ತಂಗುವವರ ವಿವರ ಪೊಲೀಸರಿಗೆ ಕೊಡಲೇಬೇಕು, ಹಾಗಾಗಿ ಪಾಸ್‌ಪೋರ್ಟ್ ಕೇಳ್ತಾರೆ. ಕೆಲವರು ಡ್ರಾಯರ್‌ನಲ್ಲಿ ಇಟ್ಟುಕೊಂಡೂ ಬಿಡ್ತಾರೆ. ರಾತ್ರಿ ಬಸ್ಸಿನ ಆತುರದಲ್ಲಿ ಅದು ಅಲ್ಲೇ ಉಳಿಯುತ್ತೆ. ನಿಂತು ಸ್ಕ್ಯಾನ್ ಮಾಡಿಸಿ ಆಗಲೇ ವಾಪಸ್ ಇಸಕೊಳ್ಳಿ.

ಕಳೆದೇ ಹೋದ್ರೆ ಮೊದಲು ಪೊಲೀಸ್ ದೂರಿನ ಪ್ರತಿ. ಆಮೇಲೆ ಹನೋಯ್‌ನ ಭಾರತೀಯ ರಾಯಭಾರ ಕಚೇರಿ ಅಥವಾ ಹೋ ಚಿ ಮಿನ್ ಸಿಟಿಯ ಕಾನ್ಸುಲೇಟ್. ತುರ್ತಾಗಿ ಅಲ್ಲಿ ಕೊಡೋದು ಎಮರ್ಜೆನ್ಸಿ ಸರ್ಟಿಫಿಕೇಟ್, ಅದರಲ್ಲಿ ಊರಿಗೆ ಮರಳಬಹುದು ಅಷ್ಟೇ. ಅದು ಸಿಕ್ಕ ತಕ್ಷಣ ಹೊರಡೋಕಾಗಲ್ಲ, ವಿಯೆಟ್ನಾಂ ಇಮಿಗ್ರೇಷನ್‌ನಿಂದ ನಿರ್ಗಮನ ವೀಸಾ ಬೇಕು. ನೀವು ಕಾನೂನುಬದ್ಧವಾಗಿ ಒಳಗೆ ಬಂದಿದ್ದೀರಿ ಅಂತ ಅಲ್ಲಿ ತೋರಿಸಬೇಕಾಗುತ್ತೆ. ಅದಕ್ಕೇ ಫೋಟೊ ಪುಟದ ಜೊತೆ ಎಂಟ್ರಿ ಸ್ಟ್ಯಾಂಪ್ ಬಿದ್ದ ಪುಟವನ್ನೂ ಇಳಿದ ದಿನವೇ ಫೋಟೊ ತೆಗೆದು ಒಬ್ಬರದು ಇನ್ನೊಬ್ಬರ ಫೋನಿಗೆ ಕಳಿಸಿಡಿ. ಫೋನೂ ಪಾಸ್‌ಪೋರ್ಟೂ ಒಂದೇ ಬ್ಯಾಗಲ್ಲಿ ಹೋಗೋದೇ ಹೆಚ್ಚು.

ಗಿರಣಿಚಾಳ:
ಬೈಕ್ ವಿಚಾರ ಬಿಡ್ರಿ ಮೊದಲ. ಭಾರತದಾಗ ಕೊಡೋ ಐಡಿಪಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದು. ಅಂದ್ರ ನಿಮ್ಮ ಕೈಯಾಗಿರೋದು ಅಲ್ಲಿ ನಡಿಯಂಗಿಲ್ಲ. ಬಾಡಿಗಿ ಕೊಡೋನು ಏನೂ ಕೇಳಂಗಿಲ್ಲ, ಕೀಲಿ ಕೊಟ್ಟ್ ಕಳಸ್ತಾನ, ಅದಕ್ಕ ಮಂದಿ ಮೋಸ ಹೋಗ್ತಾರ. ಪೊಲೀಸರ ದಂಡ ಸಣ್ಣ ಮಾತು. ಬಿದ್ದು ಕಾಲು ಮುರದ್ರ ಲೈಸೆನ್ಸ್ ಇಲ್ಲ ಅಂತ ಇನ್ಶೂರೆನ್ಸಿನವ್ರು ಕೈ ಎತ್ತತಾರ, ಆಸ್ಪತ್ರಿ ಬಿಲ್ ಪೂರಾ ನಿಮ್ಮ ತಲಿ ಮ್ಯಾಲೆ.

50 ಸಿಸಿ ಒಳಗಿನ ಗಾಡಿಗೆ ಲೈಸೆನ್ಸ್ ಬೇಕಿಲ್ಲ ಖರೆ, ಆದ್ರ ಹಾ ಜಾಂಗ್ ಘಾಟಿನಾಗ ಇಬ್ಬರನ್ನ, ಎರಡು ಬ್ಯಾಗನ್ನ ಅದು ಎಳಿಯಂಗಿಲ್ಲ. ಅಲ್ಲೇ ಊರಿನವ್ರು ಓಡಸ್ತಾರ, ನೀವು ಹಿಂದ ಕೂಡೋದು. ಈಸಿ ರೈಡರ್ ಅಂತಾರ. ರೊಕ್ಕ ಜಾಸ್ತಿ, ಆದ್ರ ಅದೇ ಛಲೋ.

ಹಿಂದ ಕುಂತ್ರೂ ಒಂದು ಲಕ್ಷ್ಯ ಇರ್ಲಿ: ಸೈಲೆನ್ಸರ್ ಬಲಕ್ಕಿರ್ತದ. ಚಡ್ಡಿ ಹಾಕ್ಕೊಂಡು ಬಲಗಡೆ ಇಳದ್ರ ಮೀನಗಂಡಕ್ಕ ಬರೆ ಬೀಳ್ತದ. ಎಡಕ್ಕೇ ಹತ್ತಿ ಎಡಕ್ಕೇ ಇಳೀರಿ. ಸುಟ್ರ ಹರಿಯೋ ತಣ್ಣೀರಿನಾಗ 20 ನಿಮಿಷ ಹಿಡೀರಿ. ಐಸ್, ಟೂತ್‌ಪೇಸ್ಟ್ ಹಚ್ಚಬ್ಯಾಡ್ರಿ. ಗುಳ್ಳಿ ಒಡಿಬ್ಯಾಡ್ರಿ.

ಚಿಲ್ಲರೆ ಅಂಗಡಿ:
ದುಡ್ಡಿನ ಬಗ್ಗೆ. 20,000 ಡಾಂಗ್ ನೋಟೂ 5,00,000 ನೋಟೂ ಎರಡೂ ನೀಲಿ, ಎರಡೂ ಪ್ಲಾಸ್ಟಿಕ್. ಕತ್ತಲಲ್ಲಿ ಟ್ಯಾಕ್ಸಿಗೆ ಕೊಡುವಾಗ ಸುಮಾರು 70 ರೂಪಾಯಿ ಬದಲು 1,700 ರೂಪಾಯಿ ಹೋಗುತ್ತೆ. ಐದು ಲಕ್ಷದ ನೋಟುಗಳನ್ನ ಬೇರೆ ಖಾನೆಯಲ್ಲಿಡಿ. ಲೆಕ್ಕಕ್ಕೆ ಮೂರು ಸೊನ್ನೆ ಹೊಡೆದು ಮೂರೂವರೆಯಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ರೂಪಾಯಿ ಬರುತ್ತೆ. ಕಾರ್ಡಿಗೆ ಅಂತರರಾಷ್ಟ್ರೀಯ ಬಳಕೆಯನ್ನ ಬ್ಯಾಂಕ್ ಆ್ಯಪಲ್ಲಿ ಊರಲ್ಲಿರುವಾಗಲೇ ಆನ್ ಮಾಡಿ. ಎಟಿಎಂ ‘ರೂಪಾಯಿಯಲ್ಲೇ ಕಡಿತ ಮಾಡಲಾ’ ಅಂತ ಕೇಳಿದ್ರೆ ಬೇಡ ಒತ್ತಿ, ಆ ದರದಲ್ಲಿ ನಷ್ಟ ನಿಮಗೇ.

ಸ್ಲೀಪರ್ ಬಸ್ಸಿಗೆ ಹತ್ತುವಾಗ ಚಪ್ಪಲಿ, ಶೂ ಬಿಚ್ಚಿ ಅವರು ಕೊಡೋ ಕವರಿಗೆ ಹಾಕಬೇಕು. ದೊಡ್ಡ ಬ್ಯಾಗ್ ಕೆಳಗಿನ ಡಿಕ್ಕಿಗೆ. ಪಾಸ್‌ಪೋರ್ಟ್, ದುಡ್ಡು, ಔಷಧಿ, ಒಂದು ಸ್ವೆಟರ್ ಇರೋ ಸಣ್ಣ ಚೀಲ ನಿಮ್ಮ ಜೊತೆಗೇ ಇರಲಿ, ಎಸಿ ಚಳಿ ಹಿಡಿಸುತ್ತೆ. ಮಧ್ಯರಾತ್ರಿ ಊಟಕ್ಕೆ ನಿಲ್ಲಿಸಿದಾಗ ಪಕ್ಕದಲ್ಲಿ ಅದೇ ಬಣ್ಣದ ಬಸ್ಸುಗಳು ನಾಲ್ಕೈದು ನಿಂತಿರ್ತವೆ. ಇಳಿಯುವ ಮುಂಚೆ ನಂಬರ್ ಪ್ಲೇಟ್ ಫೋಟೊ ತೆಗೀರಿ. ಇಬ್ಬರೂ ಒಟ್ಟಿಗೆ ಇಳಿಯಬೇಡಿ, ಒಬ್ಬರು ಒಳಗಿದ್ರೆ ಬಸ್ಸು ಬಿಟ್ಟು ಹೋಗೋ ಭಯ ಇಲ್ಲ.

ಬಟ್ಟೆ ಕಿಲೋ ಲೆಕ್ಕದಲ್ಲಿ ಒಗೆಯೋಕೆ ಕೊಡೋದಾದ್ರೆ ಹಾಸಿಗೆ ಮೇಲೆ ಹರಡಿ ಒಂದು ಫೋಟೊ ತೆಗೆದು ಕೊಡಿ, ಬೇರೆಯವರ ಗಂಟಿಗೆ ಸೇರೋದು ಮಾಮೂಲಿ. ಮಧ್ಯ ವಿಯೆಟ್ನಾಮಿಗೆ ಅಕ್ಟೋಬರ್, ನವೆಂಬರಲ್ಲಿ ಹೋಗ್ತೀರಾದ್ರೆ ಹೊಯ್ ಆನ್‌ನಲ್ಲಿ ಹೊಳೆ ಬೀದಿಗೇ ಬರೋದುಂಟು. ಬ್ಯಾಗಿನ ರೇನ್ ಕವರ್ ನಂಬಬೇಡಿ, ನೀರು ಇಳಿಯೋದು ಬೆನ್ನಿನ ಕಡೆಯಿಂದ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರಲ್ಲಿ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿ.

ಅಮ್ಟೆಕಾಯಿ:
ಊಟ: ‘ಚಾಯ್’ (chay, ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ) ಬೋರ್ಡ್ ಇರೋ ಹೋಟೆಲ್ ಹುಡುಕಿ, ಅಲ್ಲಿ ಮಾಂಸ, ಮೀನು ಇರಲ್ಲ. ಚಾಂದ್ರಮಾನದ 1 ಮತ್ತು 15ನೇ ದಿನ ಬೌದ್ಧರು ಸಸ್ಯಾಹಾರ ಮಾಡೋದ್ರಿಂದ ಆ ದಿನ ಸಲೀಸು. ಬೇರೆ ಹೋಟೆಲಲ್ಲಿ ‘ಮಾಂಸ ಬೇಡ’ ಅಂದ್ರೆ ಸಾಲದು. ತರಕಾರಿಗೂ ಮೀನಿನ ಸಾಸ್ ಬೀಳುತ್ತೆ, ಫೊ ಅನ್ನೋ ನೂಡಲ್ಸ್ ಸೂಪಿನ ಸಾರು ಮೂಳೆಯದ್ದೇ. ಮೀನಿನ ಸಾಸ್ ಬೇಡ, ಮೊಟ್ಟೆ ಆಗಬಹುದು ಅಂತ ವಿಯೆಟ್ನಾಮೀಸಲ್ಲಿ ಬರೆದು ಫೋನಲ್ಲಿಟ್ಟು ತೋರಿಸಿ.

ಹೊಟ್ಟೆ ಕೆಟ್ರೆ ಓಆರ್‌ಎಸ್ ಪೊಟ್ಟಣ. ಒಂದು ಲೀಟರಿನದ್ದಾದ್ರೆ ಪೂರ್ತಿ ಒಂದು ಲೀಟರ್ ಬಾಟಲಿ ನೀರಿಗೇ ಕಲಸಿ, ಅರ್ಧ ಲೋಟಕ್ಕೆ ಗಟ್ಟಿಯಾಗಿ ಕಲಸಿದ್ರೆ ಭೇದಿ ಇನ್ನೂ ಜಾಸ್ತಿಯಾಗುತ್ತೆ. ಪೊಟ್ಟಣ ಇಲ್ಲದಿದ್ರೆ ಲೀಟರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಭೇದಿ ನಿಲ್ಲಿಸೋ ಲೋಪೆರಮೈಡ್ ಮಾತ್ರೆಯನ್ನ ಜ್ವರ ಅಥವಾ ರಕ್ತ ಇದ್ದಾಗ ತಗೊಳ್ಳಬೇಡಿ, ಡಾಕ್ಟರ್ ಹತ್ರ ಹೋಗಿ.

ಕೆರೆದಂಡೆ:
ಎಲ್ಲರಿಗೂ ವಂದನೆ. ಬೈಕ್ ಕೈಬಿಟ್ಟೆವು. ಇನ್ನೊಂದು: ನಮ್ಮ ಚಾರ್ಜರ್, 20,000 ಎಂಎಎಚ್ ಪವರ್ ಬ್ಯಾಂಕ್ ತಗೊಂಡು ಹೋಗಬಹುದಾ?

ಚಿಲ್ಲರೆ ಅಂಗಡಿ:
ಅಲ್ಲಿ 220 ವೋಲ್ಟ್, ಹೆಚ್ಚುಕಮ್ಮಿ ನಮ್ಮಷ್ಟೇ. ಎರಡು ಪಿನ್ನಿನ ಫೋನ್ ಚಾರ್ಜರ್ ಕೂರುತ್ತೆ, ಲ್ಯಾಪ್‌ಟಾಪಿನ ಮೂರು ಪಿನ್ನಿಗೆ ಅಡಾಪ್ಟರ್ ಬೇಕು. 20,000 ಎಂಎಎಚ್ ಅಂದ್ರೆ 74 ವ್ಯಾಟ್ ಅವರ್, ಮಿತಿ 100. ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿಗೆ ಹಾಕಿದ್ರೆ ಕರೆದು ತೆಗೆಸ್ತಾರೆ. ಅಳತೆ ಅಳಿಸಿ ಹೋಗಿರೋ ಹಳೇದಾದ್ರೆ ಬೇರೆ ತಗೊಳ್ಳಿ, ಓದೋಕೆ ಬರದಿದ್ರೆ ಸೆಕ್ಯುರಿಟಿಯಲ್ಲಿ ಕಿತ್ತಿಟ್ಟುಕೊಳ್ಳಬಹುದು.