ಕಾರಿಗೊಬ್ಬರೇ ಬರುವುದನ್ನು ತಗ್ಗಿಸುವ ಹೊಣೆ ಬಿದ್ದಿದೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು:
ನಮ್ಮ ನಗರಾಡಳಿತ, ಕಾರಿನಲ್ಲಿ ಒಬ್ಬೊಬ್ಬರೇ ಓಡಾಡುವುದನ್ನು ಕಡಿಮೆ ಮಾಡಿಸುವ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ದೊಡ್ಡ ಕಚೇರಿಗಳು ತಲಾ ಒಬ್ಬ ಸಂಯೋಜಕರನ್ನು ನೇಮಿಸಬೇಕು. ನಮ್ಮಲ್ಲಿ ಆ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಕೈಯಲ್ಲಿರುವುದು ಒಂದು ಕಟ್ಟು ಭಿತ್ತಿಪತ್ರ, ಸಮೀಕ್ಷೆಯ ನಮೂನೆ ಮತ್ತು ಅಲ್ಪಸ್ವಲ್ಪ ಹಣ. ಇಂಥ ಕೆಲಸ ಮಾಡಿದವರು, ಇಂಥ ಕಾರ್ಯಕ್ರಮಕ್ಕೆ ಸೇರಿ ಬಿಟ್ಟವರೂ ಸಹ, ನಿಮ್ಮ ಅನುಭವ ಹೇಳಿ.

ಇದೇ ಹೊಣೆಯನ್ನು ಹೊತ್ತಿದ್ದವರು:
ಭಿತ್ತಿಪತ್ರಗಳು ಬೀರುವಿನಲ್ಲೇ ಇರಲಿ. ಮೊದಲು ಪಾರ್ಕಿಂಗ್ ನೋಡಿ. ಕಾರು ತರುವವರಿಗೆ ಕಚೇರಿ ಪುಕ್ಕಟೆ ಜಾಗ ಕೊಡುತ್ತಿದ್ದು, ಬಸ್ಸಿನಲ್ಲಿ ಬರುವವರಿಗೆ ಏನನ್ನೂ ಕೊಡದಿದ್ದರೆ, ನೀವು ಎಷ್ಟು ಗಂಟಲು ಹರಿದುಕೊಂಡರೂ ಸಂಸ್ಥೆ ಹೇಳುತ್ತಿರುವುದು ‘ಕಾರು ತನ್ನಿ’ ಎಂದೇ. ಅಮೆರಿಕದ ಕ್ಯಾಲಿಫೋರ್ನಿಯಾ 1992ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಬಾಡಿಗೆಗೆ ಪಡೆದ ಪಾರ್ಕಿಂಗ್ ಜಾಗವನ್ನು ಸಿಬ್ಬಂದಿಗೆ ಉಚಿತವಾಗಿ ಕೊಡುವ ಕೆಲವು ಸಂಸ್ಥೆಗಳು, ಜಾಗ ಬೇಡ ಎನ್ನುವವರಿಗೆ ಅದರ ಬೆಲೆಯನ್ನು ನಗದಾಗಿ ಕೊಡಬೇಕು. ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ಹೀಗೆ ನಗದು ಕೊಟ್ಟ 8 ಸಂಸ್ಥೆಗಳನ್ನು ಅಧ್ಯಯನ ಮಾಡಿದಾಗ, ಒಬ್ಬರೇ ಕಾರಿನಲ್ಲಿ ಬರುವವರ ಪಾಲು ಶೇ 76ರಿಂದ ಶೇ 63ಕ್ಕೆ ಇಳಿದಿತ್ತು. ಕಾರು ತರುವವರ ಜಾಗ ಹಾಗೆಯೇ ಇತ್ತು, ಯಾರಿಗೂ ಉಪದೇಶ ಮಾಡಬೇಕಾಗಲಿಲ್ಲ.

ನಮ್ಮ ಆಡಳಿತ ವರ್ಗ ನಗದಿಗೆ ಒಪ್ಪಲಿಲ್ಲ. ಹಗ್ಗಜಗ್ಗಾಟದ ನಂತರ ದಕ್ಕಿದ್ದು ಇಷ್ಟು: ತಿಂಗಳ ಪಾರ್ಕಿಂಗ್ ಪಾಸ್ ಬದಲು ದಿನದ ಲೆಕ್ಕದ ಶುಲ್ಕ. ತಿಂಗಳಿಗೊಮ್ಮೆ ಹಣ ಕಟ್ಟಿದವರು ‘ಹೇಗೂ ಕಟ್ಟಿಯಾಗಿದೆಯಲ್ಲ’ ಎಂದು ದಿನವೂ ಕಾರು ತರುತ್ತಾರೆ. ದಿನದಿನವೂ ಕಟ್ಟಬೇಕಾದವರು ಬೀಗದ ಕೈ ಎತ್ತಿಕೊಳ್ಳುವಾಗ ಒಮ್ಮೆ ಯೋಚಿಸುತ್ತಾರೆ. ನಮಗೆ ಬೇಕಾದದ್ದು ಆ ಯೋಚನೆಯೇ.

ಎರಡನೆಯದು, ತುರ್ತಿನಲ್ಲಿ ಮನೆ ಸೇರುವ ಖಾತರಿ. ಬಹಳಷ್ಟು ಜನರನ್ನು ಕಾರಿಗೆ ಕಟ್ಟಿಹಾಕಿರುವುದು ಕಾರಿನ ಮೋಹವಲ್ಲ, ‘ಮಧ್ಯಾಹ್ನ ಮಗುವಿಗೆ ಜ್ವರ ಎಂದು ಶಾಲೆಯಿಂದ ಫೋನ್ ಬಂದರೆ ಏನು ಮಾಡಲಿ?’ ಎಂಬ ಅಳುಕು. ಅಂಥ ದಿನ ಕಚೇರಿಯ ಖರ್ಚಿನಲ್ಲಿ ಟ್ಯಾಕ್ಸಿ ಎಂದು ಬರೆದುಕೊಡಿ. ನಮ್ಮ ಲೆಕ್ಕಪತ್ರ ವಿಭಾಗದವರು ‘ಎಲ್ಲರೂ ದುರುಪಯೋಗ ಮಾಡುತ್ತಾರೆ’ ಎಂದು ಮೂಗು ಮುರಿದರು. ವರ್ಷದ ಕೊನೆಗೆ ನೋಡಿದರೆ ಬಳಸಿದವರು ಬೆರಳೆಣಿಕೆಯಷ್ಟು ಮಂದಿ. ಸೌಲಭ್ಯ ಇದೆ ಎಂಬ ಧೈರ್ಯವೇ ಉಳಿದವರಿಗೆ ಸಾಕಾಗಿತ್ತು.

ಕಾರ್‌ಪೂಲ್ ಬಿಟ್ಟು ಮತ್ತೆ ಸೇರಿದವರು:
ನಾನು ಬಿಟ್ಟದ್ದು ಹಣಕ್ಕಾಗಿ ಅಲ್ಲ, ಕಾಯಲಾರದೆ. ಮನೆಗಳ ವಿಳಾಸ ನೋಡಿ ನಮ್ಮ ಗುಂಪನ್ನು ಜೋಡಿಸಿದ್ದರು. ಒಂದೇ ಬಡಾವಣೆ, ಅದೇನೋ ಸರಿ. ಆದರೆ ಒಬ್ಬರು ಐದೂವರೆಗೆ ಚೀಲ ಹೆಗಲಿಗೇರಿಸಿಕೊಂಡು ಗೇಟಿನ ಬಳಿ ನಿಲ್ಲುವವರು, ಇನ್ನೊಬ್ಬರು ‘ಒಂದೇ ಒಂದು ಮೇಲ್ ಇತ್ತು’ ಎನ್ನುತ್ತಾ ಆರೂಕಾಲಿಗೆ ಇಳಿದು ಬರುವವರು. ಎರಡನೆಯ ಸಲ ಸೇರಿದ ಗುಂಪಿನಲ್ಲಿ ಮೊದಲ ದಿನವೇ ಅರ್ಧ ಹಾಳೆಯಲ್ಲಿ ನಿಯಮ ಬರೆದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆವು. ಐದು ನಿಮಿಷ ಕಾಯುವುದು, ಆಮೇಲೆ ಹೊರಟುಬಿಡುವುದು, ಬಿಟ್ಟುಹೋದರೆಂದು ಯಾರೂ ಮುನಿಸಿಕೊಳ್ಳಬಾರದು. ಇಂಧನದ ಲೆಕ್ಕ ತಿಂಗಳ ಕೊನೆಗೆ ಒಮ್ಮೆ ಮಾತ್ರ. ಬೆಳಿಗ್ಗೆ ಮಾತನಾಡಲೇಬೇಕೆಂಬ ಕಡ್ಡಾಯವಿಲ್ಲ (ಇದು ನಾನು ಹಟ ಹಿಡಿದು ಸೇರಿಸಿದ್ದು). ಜನರನ್ನು ಜೋಡಿಸುವ ಮೊದಲು ವಿಳಾಸಕ್ಕಿಂತ ಹೊರಡುವ ಸಮಯ ಕೇಳಿ.

ಇಬ್ಬರು ಮಕ್ಕಳನ್ನು ಎರಡು ಶಾಲೆಗಳಿಗೆ ಬಿಟ್ಟು ಕೆಲಸಕ್ಕೆ ಬರುವವರು:
ಸಮೀಕ್ಷೆಯಲ್ಲಿ ‘ಕಾರು ಬಿಡಲು ಸಿದ್ಧರಿದ್ದೀರಾ, ಹೌದು ಅಥವಾ ಇಲ್ಲ’ ಎಂಬ ಪ್ರಶ್ನೆಯಿದ್ದರೆ ಹೊಡೆದುಹಾಕಿ. ನಮ್ಮಲ್ಲಿ ಹಾಗೆಯೇ ಕೇಳಿದರು, ನಾನು ‘ಇಲ್ಲ’ ಎಂದೆ, ಅಲ್ಲಿಗೆ ಮುಗಿಯಿತು. ಯಾವ ದಿನ ಸಾಧ್ಯ ಎಂದು ಕೇಳಿದ್ದರೆ ಬುಧವಾರ ಎನ್ನುತ್ತಿದ್ದೆ. ಅಂದು ಮಕ್ಕಳನ್ನು ಬಿಡುವುದು ಅವರ ಅಪ್ಪ. ಐದು ಜನ ವಾರದಲ್ಲಿ ಬೇರೆ ಬೇರೆ ದಿನ ಒಮ್ಮೊಮ್ಮೆ ಕಾರು ಬಿಟ್ಟರೂ ದಿನಕ್ಕೊಂದು ಕಾರು ಕಡಿಮೆಯಾಯಿತಲ್ಲ.

ನಗರ ಸಾರಿಗೆಯ ವಿಷಯ ಓದಿಕೊಂಡಿರುವ ಒಬ್ಬರು:
ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೆಕ್ಸಿಕೊ ನಗರ 1989ರಲ್ಲಿ, ನಂಬರ್ ಪ್ಲೇಟಿನ ಕೊನೆಯ ಅಂಕಿಯಂತೆ ವಾರಕ್ಕೊಂದು ದಿನ ಕಾರು ರಸ್ತೆಗಿಳಿಸಬಾರದು ಎಂದಿತು. ಎಷ್ಟೋ ಮನೆಗಳವರು ಬೇರೆ ನಂಬರಿನ ಇನ್ನೊಂದು ಕಾರು ಕೊಂಡರು, ಅದೂ ಹೊಗೆ ಉಗುಳುವ ಹಳೆಯದನ್ನು. ಜಕಾರ್ತಾದ ಕೆಲವು ಮುಖ್ಯ ರಸ್ತೆಗಳಲ್ಲಿ ದಟ್ಟಣೆಯ ಹೊತ್ತಿನಲ್ಲಿ ಕಾರಿನೊಳಗೆ ಕನಿಷ್ಠ ಮೂವರಿರಬೇಕಿತ್ತು. ತಲೆ ಲೆಕ್ಕಕ್ಕಾಗಿ ಕೂಲಿಗೆ ಕಾರು ಹತ್ತುವವರು ರಸ್ತೆ ಬದಿಯಲ್ಲಿ ನಿಲ್ಲತೊಡಗಿದರು, ಕೆಲವರು ಕಂಕುಳಲ್ಲಿ ಕೂಸನ್ನೂ ಎತ್ತಿಕೊಂಡು. ನಗುವವರು ನಕ್ಕರು. ಆದರೆ 2016ರಲ್ಲಿ ಆ ನಿಯಮ ತೆಗೆದ ಮೇಲೆ ಸಂಶೋಧಕರು ಅಳೆದು ನೋಡಿದರೆ, ಆ ರಸ್ತೆಗಳಷ್ಟೇ ಅಲ್ಲ, ನಿಯಮವೇ ಇಲ್ಲದಿದ್ದ ಬೇರೆ ರಸ್ತೆಗಳಲ್ಲೂ ವಾಹನಗಳು ಮೊದಲಿಗಿಂತ ನಿಧಾನವಾಗಿದ್ದವು. ಅಂದರೆ ಅಷ್ಟೆಲ್ಲ ಕಳ್ಳದಾರಿಗಳ ನಡುವೆಯೂ ನಿಯಮ ಕೆಲಸ ಮಾಡುತ್ತಿತ್ತು.

ನನಗೆ ಮೆಚ್ಚಿಗೆಯಾದದ್ದು ಸ್ಟಾಕ್‌ಹೋಮ್‌ನ ಜಾಣತನ. 2006ರಲ್ಲಿ ನಗರದೊಳಗೆ ಬರುವ ಹೋಗುವ ವಾಹನಗಳಿಗೆ ಕೆಲವೇ ತಿಂಗಳ ಮಟ್ಟಿಗೆ ಶುಲ್ಕ ಹಾಕಿದರು. ವಲಯದ ಗಡಿ ದಾಟುವ ಸಂಚಾರ ಸುಮಾರು ಐದನೇ ಒಂದರಷ್ಟು ಇಳಿಯಿತು. ಮೊದಲು ಗೊಣಗಿದ್ದ ನಗರದ ಜನ, ಪ್ರಯೋಗ ಮುಗಿದ ಮೇಲೆ ಮತ ಹಾಕುವಾಗ ಬಹುಮತದಿಂದ ಬೇಕು ಎಂದರು. 2007ರಲ್ಲಿ ಅದು ಕಾಯಂ ಆಯಿತು. ನೀವೂ ನಿಮ್ಮ ಬದಲಾವಣೆಗೆ ‘ಮೂರು ತಿಂಗಳ ಪ್ರಯೋಗ’ ಎಂದು ಹೆಸರಿಡಿ, ಅರ್ಧ ವಿರೋಧ ಅಲ್ಲೇ ಕರಗುತ್ತದೆ.

ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ ಕೆಲಸ ಮಾಡಿದವರು:
ಹಳಬರ ಹಿಂದೆ ಹೆಚ್ಚು ಅಲೆಯಬೇಡಿ, ಹೊಸಬರನ್ನು ಹಿಡಿಯಿರಿ. ಮನೆ ಬದಲಾದಾಗ, ಕೆಲಸ ಬದಲಾದಾಗ ಹೋಗಿಬರುವ ರೂಢಿ ಹೇಗೂ ಮುರಿದಿರುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ ಹೊಸದಾಗಿ ಬಂದು ನೆಲೆಸಿದವರಿಗೆ ನಕಾಶೆ, ಬಸ್ ಮಾಹಿತಿ ತಲುಪಿಸುವುದು ಇದೇ ಕಾರಣಕ್ಕೆ. ಕೆಲಸಕ್ಕೆ ಸೇರುವವರ ಕೈಗೆ ಗುರುತಿನ ಚೀಟಿಯ ಜೊತೆ ಬಸ್ ಪಾಸ್ ಕೂಡ ಇರಲಿ, ಪಾರ್ಕಿಂಗ್ ಅರ್ಜಿಯನ್ನು ಕೇಳಿದರೆ ಮಾತ್ರ ಕೊಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಪಾರ್ಕಿಂಗ್ ವಿಷಯ ಎತ್ತಿದರೆ ಮೇಲಿನವರು ಕಿವಿಗೊಡುತ್ತಾರೆಯೇ ಎಂಬುದೇ ನನ್ನ ಚಿಂತೆ. ಅವರೆಲ್ಲ ಕಾರಿನಲ್ಲೇ ಬರುವವರು.

ಇದೇ ಹೊಣೆಯನ್ನು ಹೊತ್ತಿದ್ದವರು:
ಪರಿಸರದ ಮಾತು ತೆಗೆಯಬೇಡಿ, ಬಾಡಿಗೆಯ ಅಂಕಿ ಹಿಡಿದು ಹೋಗಿ. ಒಂದು ಕಾರು ನಿಲ್ಲುವ ಜಾಗಕ್ಕೆ ಸಂಸ್ಥೆ ವರ್ಷಕ್ಕೆ ಎಷ್ಟು ತೆರುತ್ತಿದೆ ಎಂಬುದನ್ನು ನಮ್ಮಲ್ಲಿ ಯಾರೂ ಲೆಕ್ಕ ಹಾಕಿರಲೇ ಇಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ 2012ರಿಂದ, ಸಿಬ್ಬಂದಿಗೆ 11 ಅಥವಾ ಹೆಚ್ಚು ಪಾರ್ಕಿಂಗ್ ಜಾಗ ಕೊಡುವ ಸಂಸ್ಥೆಗಳ ಮೇಲೆ ಜಾಗಕ್ಕಿಷ್ಟು ಎಂದು ವಾರ್ಷಿಕ ಶುಲ್ಕ ವಿಧಿಸಿ, ಆ ಹಣವನ್ನು ಟ್ರಾಮ್ ಮಾರ್ಗ ಮುಂತಾದವಕ್ಕೆ ಹಾಕುತ್ತಿದೆ. ನಾಳೆ ಇಲ್ಲಿಗೂ ಬರಬಹುದು ಎಂದು ಒಂದು ಮಾತು ಸೇರಿಸಿ. ಮುಖ್ಯವಾಗಿ, ಪಾರ್ಕಿಂಗ್ ಜಾಗದ ಗುತ್ತಿಗೆ ಯಾವಾಗ ನವೀಕರಣವಾಗುತ್ತದೆ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಮೂರು ತಿಂಗಳ ಮೊದಲೇ ನಿಮ್ಮ ಪ್ರಸ್ತಾವ ಅವರ ಮೇಜಿನ ಮೇಲಿರಬೇಕು. ಸಹಿ ಬಿದ್ದ ಮೇಲೆ ಹೋದರೆ ಮುಂದಿನ ನವೀಕರಣದವರೆಗೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ.